ಕೈ ಅಲ್ಲಾಡಿಸದೆ ಬರೆಯುವ ಪರೀಕ್ಷೆ

“ತಲೆಯೊಳಗೆ ಏನಾದ್ರೂ ಇದ್ರೆ ತಾನೇ ಮಷೀನಿಗೆ ಕಾಣೋದು!” ಎಂದು ಚಿಕ್ಕಪ್ಪ ನಕ್ಕ.

ಹುಡುಗಿ ನಗಲಿಲ್ಲ. ಅವಳ ತಲೆಗೆ ಬಿಗಿಯಾದ ಟೋಪಿ, ಟೋಪಿ ತುಂಬ ವೈರು, ಕೂದಲಿಗೆಲ್ಲ ತಣ್ಣನೆಯ ಅಂಟು ಜೆಲ್.

ಐದನೇ ಕ್ಲಾಸಿಗೆ ಬಂದರೂ ಅವಳ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಚಿಕ್ಕಪ್ಪ ಅವಳನ್ನು ಕರೆಯುವುದೇ ‘ಕಾಗೆಕಾಲು’ ಎಂದು. ಅವನು ಅಂಗಡಿ ಬೋರ್ಡು ಬರೆಯುವ ಪೇಂಟರ್. ಅವನದು ಮುತ್ತು ಪೋಣಿಸಿದಂಥ ಅಕ್ಷರ. ಯಾರೂ ಹಾಗೆ ಹೇಳದಿದ್ದರೆ ಅವನೇ ಹೇಳುತ್ತಿದ್ದ.

ಇದು ಮೆದುಳಿನ ಲ್ಯಾಬು. ಬರೆಯಲು ಕಷ್ಟಪಡುವವರು ಕೈ ಆಡಿಸದೆ, ಬರೆಯುತ್ತಿರುವಂತೆ ಕಲ್ಪಿಸಿಕೊಂಡರೆ ಮೆದುಳಿನಲ್ಲಿ ಏನಾಗುತ್ತದೆ ಎಂದು ಇಲ್ಲಿ ನೋಡುತ್ತಾರೆ. ಹೋಲಿಸಲು ಅದೇ ಮನೆಯ, ಚೆನ್ನಾಗಿ ಬರೆಯುವ ಒಬ್ಬರು ಬೇಕು ಎಂದಿದ್ದರು ಡಾಕ್ಟರ್. ಯಾರೂ ಕರೆಯುವ ಮೊದಲೇ ಚಿಕ್ಕಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ನಿಂತಿದ್ದ.

“ಆಂಟಿ, ಇದ್ರಲ್ಲಿ ಸೋಮಾರಿತನ ಕಾಣತ್ತಾ?” ಎಂದು ಹುಡುಗಿ ಡಾಕ್ಟರನ್ನು ಮೆಲ್ಲಗೆ ಕೇಳಿದಳು. ಟೀಚರು, ಅಮ್ಮ, ಚಿಕ್ಕಪ್ಪ ಎಲ್ಲರೂ ಸೋಮಾರಿ ಎಂದು ಹೇಳಿ ಹೇಳಿ, ಈಗ ಅವಳಿಗೂ ಅನುಮಾನ ಬಂದಿತ್ತು. ನಿಜ ಇದ್ದರೆ ಇದ್ದುಬಿಡಲಿ, ಆದರೆ ಚಿಕ್ಕಪ್ಪನ ಮುಂದೆ ಗೊತ್ತಾಗದಿರಲಿ ಎಂದುಕೊಂಡಳು.

“ಲೈಟ್ ಹತ್ತಿದಾಗ ಬರೀತಿದ್ದೀನಿ ಅಂದ್ಕೋ. ಕೈ ಮಾತ್ರ ಅಲ್ಲಾಡಬಾರದು,” ಎಂದರು ಡಾಕ್ಟರ್.

ಲೈಟ್ ಹತ್ತಿತು. ಅವಳು ಮನಸ್ಸಿನಲ್ಲೇ ಪೆನ್ಸಿಲ್ ಹಿಡಿದಳು. ಅಲ್ಲೂ ಅಕ್ಷರ ಗೆರೆ ಬಿಟ್ಟು ಹಾರಿತು. ಅಲ್ಲೇ ಅಳಿಸಿ ಮತ್ತೆ ಬರೆದಳು. ಹೀಗೆ ನಲವತ್ತು ಸಲ. ಕೈ ಮೇಜಿನ ಮೇಲೆ ತೆಪ್ಪಗೆ ಮಲಗಿತ್ತು.

“ಇಲ್ಲಿ ನೋಡು,” ಡಾಕ್ಟರ್ ಸ್ಕ್ರೀನು ತೋರಿಸಿದರು. “ನೀನು ಅಂದ್ಕೊಂಡಾಗೆಲ್ಲ ಈ ಗೆರೆ ಬದಲಾಗಿದೆ. ಒಳಗೆ ಕೆಲಸ ನಡೀತಿದೆ. ಕೈಗೆ ಬರೋವಾಗ ಯಾಕೆ ಕಷ್ಟ ಆಗತ್ತೆ ಅಂತ ನಮಗಿನ್ನೂ ಗೊತ್ತಿಲ್ಲ. ಸೋಮಾರಿತನ ಅಳೆಯೋ ಮಷೀನಂತೂ ಯಾರೂ ಮಾಡಿಲ್ಲಮ್ಮ.”

ಹುಡುಗಿಗೆ ಎಷ್ಟು ಸಂತೋಷವಾಯಿತೆಂದರೆ, ಮುಖ ಮುಚ್ಚಿಕೊಂಡು ಸ್ವಲ್ಪ ಅತ್ತುಬಿಟ್ಟಳು.

“ಸರಿ, ನಮ್ಮದೂ ನೋಡಿ. ಸ್ಕ್ರೀನು ಸಾಕಾಗಲ್ಲ!” ಎಂದು ಚಿಕ್ಕಪ್ಪ ಟೋಪಿ ಹಾಕಿಸಿಕೊಂಡು ಕೂತ.

ಲೈಟ್ ಹತ್ತಿತು. ಅವನ ಬೆರಳು ಮೇಜಿನ ಮೇಲೆ ದೊಡ್ಡದೊಂದು ಅಕ್ಷರ ಬರೆದೇಬಿಟ್ಟಿತು.

“ಸರ್, ಕೈ! ಮನಸ್ಸಲ್ಲಿ ಮಾತ್ರ ಅಂದ್ಕೊಳ್ಳಿ.”

“ಕೈ ಇರುವಾಗ ಅಂದ್ಕೊಳ್ಳೋದ್ಯಾಕೆ ಮೇಡಂ? ಬರೆದೇ ತೋರಿಸ್ತೀನಿ.”

ಮತ್ತೆ ಲೈಟ್. ಮತ್ತೆ ಬೆರಳು. ಅವನು ಕೈ ಮೇಲೆಯೇ ಕೂತುಕೊಂಡ. ಆಗ ಭುಜ ಕುಣಿಯಿತು. ಭುಜ ಬಿಗಿಹಿಡಿದರೆ ಗದ್ದ ಎಡಕ್ಕೂ ಬಲಕ್ಕೂ ಹೋಗಿ ಗಾಳಿಯಲ್ಲೇ ಅಕ್ಷರದ ಒಂದು ಕೊಂಬು ಎಳೆಯಿತು.

ಏಳನೇ ಸಲಕ್ಕೆ ಡಾಕ್ಟರ ತಾಳ್ಮೆಯೂ ಮುಗಿಯಿತು. “ಚಿಕ್ಕ ಮಕ್ಕಳೂ ಮಾಡ್ತಾರೆ ಸರ್. ನೀವು ಮನಸ್ಸಿಟ್ಟು ಮಾಡ್ತಿಲ್ಲ, ಅಷ್ಟೇ.”

ಚಿಕ್ಕಪ್ಪನ ಕಿವಿ ಕೆಂಪಗಾಗಿತ್ತು. ಇಸ್ತ್ರಿ ಶರ್ಟು ಬೆವರಿಗೆ ಬೆನ್ನಿಗಂಟಿತ್ತು.

ಅವನನ್ನು ಆಡಿಕೊಳ್ಳಲು ಇಂಥ ಸಮಯ ಇನ್ನೊಮ್ಮೆ ಸಿಗುವುದಿಲ್ಲವೆಂದು ಹುಡುಗಿಗೆ ಗೊತ್ತಿತ್ತು. ಬಾಯಿ ಕೂಡ ತೆರೆದಳು. ಆದರೆ ಆ ಕೆಂಪು ಕಿವಿ ಎಷ್ಟು ಬಿಸಿಯಾಗಿರುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು.

“ಇಲ್ಲ ಆಂಟಿ,” ಎಂದಳು. “ಅವನು ಮನಸ್ಸಿಟ್ಟೇ ಮಾಡ್ತಿದ್ದಾನೆ. ಇನ್ನೊಂದು ಸಲ ಲೈಟ್ ಹಾಕಿ.”