ಬೆಳ್ಳಿಮುಖದ ರಾಣಿ ಮತ್ತು ದಾದಿಯ ಬಟ್ಟೆ ತುಂಡು

ಕನ್ನಡಿಗಳಿಗೆ ಇನ್ನೂ ಬಾಯಿ ಇದ್ದ ಕಾಲ ಅದು. ಆಗ ಏಳು ಬೆಟ್ಟದಾಚೆ ಮುಕುರಗಿರಿ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಹಸು ಹಾಲು ಕೊಡುತ್ತಿತ್ತು, ಕೆರೆ ನೀರು ಕೊಡುತ್ತಿತ್ತು, ಕನ್ನಡಿ ಬುದ್ಧಿ ಹೇಳುತ್ತಿತ್ತು. ಹಾಲು, ನೀರು ಎಲ್ಲರಿಗೂ ಬೇಕು, ಬುದ್ಧಿ ಯಾರಿಗೆ ಬೇಕು ಹೇಳಿ? ಜನ ಕನ್ನಡಿಗಳನ್ನೆಲ್ಲ ಗೋಡೆ ಕಡೆ ತಿರುಗಿಸಿ ಇಟ್ಟಿದ್ದರು.

ಆ ನಾಡಿನಲ್ಲಿ ಒಂದು ಪದ್ಧತಿ. ಎಣ್ಣೆಸ್ನಾನದ ಹಬ್ಬದ ದಿನ ಅರಮನೆಯ ಅಂಗಳದಲ್ಲಿ ದೊಡ್ಡ ಕೊಪ್ಪರಿಗೆ ಇಟ್ಟು, ಕಡಲೆಹಿಟ್ಟಿಗೆ ನಿಂಬೆಹಣ್ಣು ಹಿಂಡಿ ಕಲಸುತ್ತಿದ್ದರು. ಮುಖಕ್ಕೆ ಹಚ್ಚಲು ರಾಜನಿಗೂ ಅದೇ, ಅಗಸನಿಗೂ ಅದೇ, ಹಸುಗೂಸಿಗೂ ಅದೇ. ಒಂದೇ ನಾಡು, ಒಂದೇ ಬಟ್ಟಲು ಅಂತ ಅವರಿಗೆ ಬಹಳ ಹೆಮ್ಮೆ. ಯಾರಾದರೂ ಉರಿಯುತ್ತೆ ಅಂದರೆ, 'ಉರಿದರೇನೇ ಹೊಳಪು' ಅಂತ ಗಾದೆ ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಆ ಗಾದೆ ಕಟ್ಟಿದವನ ಮುಖ ಎಮ್ಮೆ ಚರ್ಮದ್ದಿರಬೇಕು, ಬಿಡಿ.

ಆ ನಾಡಿನ ರಾಣಿ ಹೊನ್ನಲದೇವಿ. ಅವಳ ಮಗಳು ಕೇತಲೆ, ಮದುವೆಯ ವಯಸ್ಸಿಗೆ ಬಂದ ಹುಡುಗಿ. ಬಹಳ ವರ್ಷಗಳ ಮೇಲೆ ರಾಣಿಗೆ ಇನ್ನೊಂದು ಗಂಡು ಮಗು ಹುಟ್ಟಿತು. ರಾಜ ಓಡಿ ಬಂದ, ಮಗುವನ್ನು ಮುದ್ದಿಸಿದ, ಆಮೇಲೆ ಹೆಂಡತಿಯ ಕಡೆ ನೋಡಿ, "ಯಾಕೋ ಮುಖ ಬಾಡಿಹೋಗಿದೆಯಲ್ಲ" ಅಂದ. ಅಂದವನೇ ಬೇಟೆಗೆ ಹೋದ. ಬಾಣಂತಿಗೆ ಆಡುವ ಮಾತೇ ಅದು? ನಾನಾಗಿದ್ದರೆ ಆವತ್ತು ಅವನಿಗೆ ಊಟ ಬಡಿಸುತ್ತಿರಲಿಲ್ಲ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೆ ರಾಣಿಗೆ ಆ ಮಾತು ಮುಳ್ಳಾಗಿ ಕೂತಿತು.

ಮನೆಯಲ್ಲಿ ಯಾರಾದರೂ ನೊಂದಿದ್ದರೆ ಮೋಸಗಾರನಿಗೆ ಅದು ಹೇಗೋ ಗೊತ್ತಾಗುತ್ತದೆ. ಧವಳಾಕ್ಷ ಅನ್ನುವ ಮಾಂತ್ರಿಕ ಬಳೆಗಾರನ ವೇಷದಲ್ಲಿ ಬಂದು ಒಂದು ಪುಟ್ಟ ಕರಡಿಗೆಯ ಮುಚ್ಚಳ ತೆರೆದ. "ತಾಯಿ, ಇದು ಬೆಳ್ಳಿಲೇಪ. ಎಲ್ಲ ಮುಖಕ್ಕೂ ಒಂದೇ ಲೇಪ," ಅಂದ. ಒಂದೇ ಬಟ್ಟಲಿನ ಜನಕ್ಕೆ ಆ ಮಾತು ಹೊಸದೇನಲ್ಲ. ರಾಣಿ ನಂಬಿದಳು, ಹಚ್ಚಿಕೊಂಡಳು.

ಬೆಳಗಾಗುವಾಗ ಅವಳ ಮುಖ ಬೆಳ್ಳಿಯಾಗಿತ್ತು. ನೋಡಲು ಚೆಂದ, ತುಟಿಯ ಮೇಲೆ ನಗು ಬೇರೆ. ಆದರೆ ಆ ನಗು ಅಲ್ಲಾಡುತ್ತಿರಲಿಲ್ಲ. ರಾಣಿ ಒಳಗೆ ಅಳುತ್ತಿದ್ದಳು, ಹೊರಗೆ ಬೆಳ್ಳಿ ನಗುತ್ತಿತ್ತು. ಮಗುವನ್ನು ಎದೆಗೆ ಎತ್ತಿಕೊಂಡರೆ ಮಗು ಆ ಮುಖ ನೋಡಿ ಕಿರುಚಿ ತಲೆ ತಿರುಗಿಸಿತು. ಹಾಲು ಕುಡಿಯಲಿಲ್ಲ. ಬೇರೆ ಯಾರ ಹಾಲನ್ನೂ ಕುಡಿಯಲಿಲ್ಲ. ಬಟ್ಟೆಯ ಬತ್ತಿ ಹಾಲಲ್ಲಿ ಅದ್ದಿ ಬಾಯಿಗೆ ಹನಿ ಹನಿ ಹಾಕಿದರೂ ಕೂಸು ಸೊರಗುತ್ತಾ ಹೋಯಿತು.

ಗೋಡೆ ಕಡೆ ತಿರುಗಿದ್ದ ಕನ್ನಡಿ ಆಗ ಬಾಯಿ ಬಿಟ್ಟಿತು. "ರಾಣಿಯ ನಿಜವಾದ ಮುಖ ಧವಳಾಕ್ಷನ ಗಾಜಿನ ಕೋಟೆಯಲ್ಲಿದೆ. ಅಲ್ಲಿಗೆ ಹೋದವರು ತರಬಹುದು. ಬೇಗ ಹೋಗಿ, ಮಗು ಬಹಳ ದಿನ ತಡೆಯುವುದಿಲ್ಲ."

ಕೇತಲೆ ಹೊರಟು ನಿಂತಳು. ರಾಣಿಯ ತವರಿನಿಂದ ಬಂದಿದ್ದ ದಾದಿ ನಿಂಗಜ್ಜಿ ಒಂದು ಗಂಟು ಕಟ್ಟಿಕೊಟ್ಟಳು. ಒಳಗೆ ಹೆಸರುಹಿಟ್ಟು, ಕಡಲೆಹಿಟ್ಟು, ನಿಂಬೆಹಣ್ಣು, ಪನ್ನೀರು, ಜೇನು, ಒಂದು ಕುಡಿಕೆ ಹಾಲಿನ ಕೆನೆ. ಮೇಲೆ ತೊಳೆದು ತೊಳೆದು ಮೆತ್ತಗಾದ ಒಂದು ಹಳೇ ಬಿಳಿ ಬಟ್ಟೆ.

"ಮಗಾ, ದಾರಿ ಕಾಯುವ ಪ್ರಾಣಿಗಳ ಮೇಲೂ ಆ ಪಾಪಿ ಲೇಪ ಬಳಿದಿದ್ದಾನೆ. ಮೊದಲು ಬಟ್ಟೆ, ಆಮೇಲೆ ಮದ್ದು. ಮುಖ ಬರೀ ನೀರಲ್ಲಿ ತೊಳಿ. ಏನೂ ಹಚ್ಚಬೇಡ. ಅನ್ನ ಬೇಯುವಷ್ಟು ಹೊತ್ತು ಕಾಯಿ. ಆಮೇಲೆ ಬಟ್ಟೆ ಒತ್ತಿ..."

"ಆಯ್ತು ನಿಂಗಜ್ಜಿ, ಗೊತ್ತಾಯ್ತು," ಅಂದಳು ಕೇತಲೆ. ಗೊತ್ತಾಗಿರಲಿಲ್ಲ. ಕುದುರೆ ಆಗಲೇ ಬಾಗಿಲು ದಾಟಿತ್ತು.

ಮೊದಲನೇ ಬೆಟ್ಟದ ಬಾಗಿಲಲ್ಲಿ ಮನೆಯಷ್ಟು ದೊಡ್ಡ ಉಡ ಮಲಗಿತ್ತು. ಮೈಯೆಲ್ಲ ಬೆಳ್ಳಗೆ ಹೊಟ್ಟೆದ್ದು, ಬಿರುಕು ಬಿಟ್ಟಿತ್ತು. "ನನ್ನ ಉರಿ ಆರಿಸಿದರೆ ದಾರಿ. ಇಲ್ಲವಾದರೆ ನೀನೇ ಊಟ," ಅಂತು ಉಡ.

ಕೇತಲೆಗೆ ಗೊತ್ತಿದ್ದ ಮದ್ದು ಒಂದೇ. ಕಡಲೆಹಿಟ್ಟಿಗೆ ನಿಂಬೆಹಣ್ಣು ಹಿಂಡಿದಳು, ಬಳಿದಳು. ಅವಳ ಸ್ವಂತ ಮುಖಕ್ಕೆ ಅದು ಹಿಡಿಸುತ್ತಿತ್ತಲ್ಲ. ಉಡ ನೋವಿನಿಂದ ಹೊರಳಾಡಿದ ರಭಸಕ್ಕೆ ಬೆಟ್ಟದ ಬಂಡೆಗಳು ಉರುಳಿದವು. ಒಂದು ಬಂಡೆ ಕೇತಲೆಯ ಪಕ್ಕದಲ್ಲೇ ಬಿತ್ತು.

ಅವಳು ಓಡಿಹೋಗಲಿಲ್ಲ. "ತಪ್ಪಾಯ್ತಪ್ಪಾ, ನಿನ್ನನ್ನು ಕೇಳದೇ ಹಚ್ಚಿಬಿಟ್ಟೆ," ಅಂತ ಅತ್ತಳು. ಅಳುತ್ತಲೇ ಹಿಟ್ಟು ತೊಳೆದಳು. ಆಗ ನಿಂಗಜ್ಜಿಯ ಮಾತು ನೆನಪಾಯಿತು. ಕಾದಳು. ಬಟ್ಟೆ ಒತ್ತಿದಳು. ಬೆಳಕಿಗೆ ಹಿಡಿದು ನೋಡಿದಳು. ಬಟ್ಟೆಯಲ್ಲಿ ಒಂದು ಚುಕ್ಕೆ ಜಿಡ್ಡೂ ಇಲ್ಲ, ಹೊಟ್ಟು ಮಾತ್ರ ಇತ್ತು.

"ಚರ್ಮ ಬಿಗಿಯುತ್ತಾ?" ಅಂತ ಕೇಳಿದಳು.

"ಬಿಗಿಯುತ್ತೆ. ಬಾಯಿ ತೆರೆದರೆ ಸೀಳಿದ ಹಾಗಾಗುತ್ತೆ," ಅಂತು ಉಡ.

"ನಿನ್ನದು ಒಣಚರ್ಮ. ಹಿಟ್ಟು ಇರೋ ಜಿಡ್ಡನ್ನೂ ಹೀರಿಬಿಡುತ್ತೆ. ನಿನಗೆ ಕೆನೆ ಬೇಕು."

ಕೆನೆಗೆ ಜೇನು ಬೆರೆಸಿ ಮೆಲ್ಲಗೆ ಸವರಿದಳು. ಉಡ ಕಣ್ಣು ಮುಚ್ಚಿತು. ಬಹಳ ದಿನದ ಮೇಲೆ ಅದಕ್ಕೆ ನಿದ್ದೆ ಬಂತು. ನಿದ್ದೆಯಲ್ಲೇ ಬಾಲ ಸರಿಸಿ ದಾರಿ ಬಿಟ್ಟಿತು.

ಎರಡನೇ ಬೆಟ್ಟದ ಬಾಗಿಲಲ್ಲಿ ಕೆಂಡದ ಕಣ್ಣಿನ ಕಾಡುಕೋಣ ನಿಂತಿತ್ತು. ಮೈ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು, ಮೂತಿಯ ತುಂಬ ಗುಳ್ಳೆ. "ನೋಡಿ ನಗುತ್ತೀಯಾ?" ಅಂತು ಕೋಣ.

"ಯಾಕೆ ನಗಲಿ? ನನಗೂ ಗುಳ್ಳೆ ಏಳುತ್ತೆ. ಎದ್ದ ದಿನ ನಾನು ಊಟಕ್ಕೂ ಹೊರಗೆ ಬರಲ್ಲ," ಅಂದಳು ಕೇತಲೆ. ಕೋಣ ಸಿಟ್ಟಿಳಿದು ತಲೆ ತಗ್ಗಿಸಿತು.

ತೊಳೆದಳು, ಕಾದಳು, ಒತ್ತಿದಳು, ನೋಡಿದಳು. ಹಣೆಯ ಹತ್ತಿರ ಒತ್ತಿದರೂ ಜಿಡ್ಡು, ಕೆನ್ನೆಯ ಹತ್ತಿರ ಒತ್ತಿದರೂ ಜಿಡ್ಡು. "ನಿನ್ನದು ಎಣ್ಣೆಚರ್ಮ, ನನ್ನ ಹಾಗೇ," ಅಂದಳು. ಹೆಸರುಹಿಟ್ಟನ್ನು ಪನ್ನೀರಿನಲ್ಲಿ ಕಲಸಿ ತೆಳ್ಳಗೆ ಹಚ್ಚಿದಳು. ಪೂರ್ತಿ ಒಣಗುವ ಮುಂಚೆ ತಣ್ಣೀರಲ್ಲಿ ತೊಳೆದಳು. "ಗುಳ್ಳೆ ಚಿವುಟಬೇಡ. ಸಿಟ್ಟು ಬಂದಾಗ ಮರಕ್ಕೆ ಮೂತಿ ಉಜ್ಜಬೇಡ. ಉಜ್ಜಿದಷ್ಟೂ ಏಳುತ್ತೆ," ಅಂತ ಬುದ್ಧಿ ಹೇಳಿದಳು. ಕೋಣ ನಾಚಿಕೊಂಡು ದಾರಿ ಬಿಟ್ಟಿತು.

ಮೂರನೇ ಬೆಟ್ಟದ ಬಾಗಿಲಲ್ಲಿ ಬಿಳಿ ಆನೆ. ಈ ಹೊತ್ತಿಗೆ ನಮ್ಮ ಹುಡುಗಿಗೆ ಕೈ ಪಳಗಿತ್ತು. ತೊಳೆದಳು, ಕಾದಳು, ಒತ್ತಿದಳು, ನೋಡಿದಳು. ನೋಡಿದರೆ ಹಣೆಗೆ ಒತ್ತಿದ ಕಡೆ ಜಿಡ್ಡು, ಸೊಂಡಿಲಿಗೆ ಒತ್ತಿದ ಕಡೆ ಜಿಡ್ಡು, ಕೆನ್ನೆಗೆ ಒತ್ತಿದ ಕಡೆ ಏನೂ ಇಲ್ಲ. ಇನ್ನೊಂದು ಸಲ ಒತ್ತಿದಳು. ಹಾಗೇ ಬಂತು.

"ಏನಮ್ಮಾ, ನನ್ನದು ಉಡದ ಚರ್ಮವೋ, ಕೋಣದ ಚರ್ಮವೋ?" ಅಂತು ಆನೆ.

"ಎರಡೂ. ನಿನ್ನದು ಮಿಶ್ರಚರ್ಮ. ಒಂದೇ ಮುಖಕ್ಕೆ ಎರಡು ಮದ್ದು ಬೇಕು," ಅಂದಳು. ಹಣೆಗೆ, ಸೊಂಡಿಲಿಗೆ ಹೆಸರುಹಿಟ್ಟು. ಎರಡು ಕೆನ್ನೆಗೆ ಕೆನೆ, ಜೇನು. ಆನೆ ಹಾಯಾಗಿ ಕಿವಿ ಬೀಸಿತು. "ಒಂದು ಮುಖದಲ್ಲೇ ಎರಡು ಬಟ್ಟಲು ಬೇಕಾದರೆ, ಒಂದು ನಾಡಿಗೆ ಒಂದೇ ಬಟ್ಟಲು ಹೇಗೆ ಸಾಲುತ್ತೆ ತಾಯಿ?" ಅಂತ ಕೇಳಿತು. ಆನೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಗಾಜಿನ ಕೋಟೆಯ ಒಳಗೇ ಬಿಟ್ಟಿತು.

ಕೋಟೆಯ ಗೋಡೆಯೆಲ್ಲ ಕನ್ನಡಿ. ಒಂದೊಂದು ಕನ್ನಡಿಯಲ್ಲಿ ಒಂದೊಂದು ಮುಖ. ನಡುಗೋಡೆಯಲ್ಲಿ ಅಮ್ಮನ ಮುಖ ಇತ್ತು, ಕಣ್ಣು ತುಂಬಿಕೊಂಡು. ಕೇತಲೆ ಓಡಿ ಹೋಗಿ ಅಪ್ಪಿಕೊಂಡಳು. ಗಾಜು ತಣ್ಣಗಿತ್ತು.

ಧವಳಾಕ್ಷ ನಗುತ್ತಾ ಬಂದ. ಕದ್ದ ಮುಖಗಳ ಹೊಳಪೆಲ್ಲ ಅವನ ಬೆಳ್ಳಿಮುಖದ ಮೇಲಿತ್ತು. ಕನ್ನಡಿ ಮಾತ್ರ ಅವನ ಮಾತನ್ನೂ ಕೇಳುವಂಥದ್ದಲ್ಲ, ಕನ್ನಡಿಗೆ ನಿಜ ಒಂದೇ ಗೊತ್ತು. ಅಮ್ಮನ ಮುಖ ಇದ್ದ ಕನ್ನಡಿ ಕೇಳಿತು: "ಹುಡುಗಿ, ಈ ಮುಖದ ಚರ್ಮ ಎಂಥದು? ಸರಿಯಾಗಿ ಹೇಳಿದರೆ ಬಿಡುತ್ತೇನೆ. ತಪ್ಪಿದರೆ ನಿನ್ನ ಮುಖವನ್ನೂ ಇಟ್ಟುಕೊಳ್ಳುತ್ತೇನೆ."

ಕೇತಲೆ ಬಟ್ಟೆ ಒತ್ತಿದಳು. ಗಾಜಿಗೆ ಒತ್ತಿದರೆ ಏನು ಬರುತ್ತೆ? ಏನೂ ಬರಲಿಲ್ಲ.

"ನೀನು ಅವಳ ಮಗಳು. ನಿನ್ನ ಹಾಗೇ ಅಂತ ಹೇಳಿಬಿಡು," ಅಂದ ಧವಳಾಕ್ಷ ಬೆಣ್ಣೆಯಂಥ ದನಿಯಲ್ಲಿ.

ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು. ಆಗ ಒಂದು ನೆನಪಾಯಿತು. ಹೋದ ಹಬ್ಬದಲ್ಲಿ ಅಮ್ಮನ ಮುಖಕ್ಕೆ ಹಿಟ್ಟು ಹಚ್ಚಿದ್ದು ಅವಳೇ. "ಉರಿಯುತ್ತೆ ಮಗಾ," ಅಂದಿದ್ದಳು ಅಮ್ಮ. "ಉರಿದರೇನೇ ಹೊಳಪು ಅಮ್ಮಾ," ಅಂತ ಅವಳು ನಕ್ಕಿದ್ದಳು. ಆವತ್ತು ಅಮ್ಮನ ಕೆನ್ನೆ ಕೆಂಪಗಾಗಿ ಸಣ್ಣ ಸಣ್ಣ ದದ್ದು ಎದ್ದಿತ್ತು. ಅಮ್ಮ ಸೆರಗು ನೀರಲ್ಲಿ ಅದ್ದಿ ಕೆನ್ನೆಗೆ ಇಟ್ಟುಕೊಂಡು ಕೂತಿದ್ದಳು. ಪ್ರತಿ ಹಬ್ಬದಲ್ಲೂ ಹಾಗೇ ಕೂರುತ್ತಿದ್ದಳು. ಬಿಸಿಲಿಗೆ ಹೋದರೂ ಕೆಂಪಾಗುತ್ತಿದ್ದಳು, ಹೊಸ ಅರಿಶಿನ ಹಚ್ಚಿದರೂ ತುರಿಸಿಕೊಳ್ಳುತ್ತಿದ್ದಳು. ಎಲ್ಲವನ್ನೂ ಕೇತಲೆ ನೋಡಿದ್ದಳು, ಏನು ಅಂತ ಕೇಳಿರಲಿಲ್ಲ.

"ನನ್ನ ಹಾಗಲ್ಲ," ಅಂದಳು ಕೇತಲೆ. "ಅಮ್ಮಂದು ಸೂಕ್ಷ್ಮಚರ್ಮ. ನಮಗೆಲ್ಲ ಹಿಡಿಸಿದ್ದು ಅವಳಿಗೆ ಹಿಡಿಸುವುದಿಲ್ಲ."

"ಹಾಗಾದರೆ ಏನು ಹಚ್ಚುತ್ತೀ?" ಅಂತು ಕನ್ನಡಿ.

"ಮೊದಲು ಅವಳನ್ನು ಕೇಳುತ್ತೇನೆ. ಹೂಂ ಅಂದರೆ ಲೋಳೆಸರ ಒಂದೇ ಒಂದು ಬೊಟ್ಟು ಕಿವಿಯ ಹಿಂದೆ ಹಚ್ಚಿ ಒಂದು ದಿನ ಕಾಯುತ್ತೇನೆ. ಉರಿಯದಿದ್ದರೆ ಮುಖಕ್ಕೆ. ಉರಿದರೆ ಅದೂ ಬೇಡ, ತಣ್ಣೀರು ಸಾಕು."

ಕನ್ನಡಿ ಬಿರಿಯಿತು. ಕೋಟೆಯ ಕನ್ನಡಿಗಳೆಲ್ಲ ಒಂದರ ಹಿಂದೆ ಒಂದು ಬಿರಿದವು. ಮುಖಗಳು ಹೊರಟು ತಮ್ಮ ತಮ್ಮ ಊರಿನ ಕಡೆ ಹಾರಿದವು. ಧವಳಾಕ್ಷನ ಹೊಳಪೂ ಕಳಚಿ ಬಿತ್ತು. ಒಳಗಿದ್ದದ್ದು ಕುಳಿ ಬಿದ್ದ, ಸುಲಿದುಹೋದ ಮುಖ. ಅವನು ಎರಡೂ ಕೈಯಿಂದ ಮುಚ್ಚಿಕೊಂಡ.

"ಚಿಕ್ಕಂದಿನಲ್ಲಿ ಊರೇ ನನ್ನ ಮುಖ ನೋಡಿ ನಗುತ್ತಿತ್ತು," ಅಂದ. ಆಮೇಲೆ ಮೆಲ್ಲಗೆ ಕೇಳಿದ, "ನನ್ನದು ಎಂಥ ಚರ್ಮ?"

ಕೇತಲೆಗೆ ಸಿಟ್ಟಿತ್ತು. ಅದಕ್ಕಿಂತ ಜಾಸ್ತಿ ಅಯ್ಯೋ ಅನ್ನಿಸಿತು. ನಿಂಗಜ್ಜಿಯ ಬಟ್ಟೆಯನ್ನು ಎರಡಾಗಿ ಹರಿದು ಅರ್ಧ ಅವನಿಗೆ ಕೊಟ್ಟಳು. "ಲೇಪ ಬಿಡು. ತೊಳಿ, ಕಾಯಿ, ಒತ್ತಿ ನೋಡು," ಅಂದಳು. ಅವನ ಮಂತ್ರವೆಲ್ಲ ಹೊಳಪಿನ ಜೊತೆಗೇ ಹೋಗಿತ್ತು. ಅವನು ಬಟ್ಟೆ ಹಿಡಿದುಕೊಂಡು ಕೆರೆಯ ಕಡೆ ನಡೆದ.

ಅರಮನೆಯಲ್ಲಿ ರಾಣಿಗೆ ಮುಖ ಮರಳಿತ್ತು. ಮೊದಲಿನ ಮುಖವೇ. ಕೆಂಪಗೆ, ದದ್ದೆದ್ದು, ಕಣ್ಣ ಕೆಳಗೆ ಕಪ್ಪು ಕಟ್ಟಿದ ಬಾಣಂತಿಯ ಮುಖ. ಅವಳು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ರಾಜ ಎದುರಿಗೆ ನೆಲದ ಮೇಲೆ ಕೂತಿದ್ದ. "ನಿದ್ದೆ ಬಂತಾ ಅಂತ ಆವತ್ತು ನಾನು ಕೇಳಬೇಕಿತ್ತು. ಮುಖದ ಮಾತಾಡಿಬಿಟ್ಟೆ. ತಪ್ಪು ನನ್ನದು," ಅಂದ. ತಡವಾಗಿಯಾದರೂ ಬುದ್ಧಿ ಬಂತಲ್ಲ.

ನಿಂಗಜ್ಜಿ ಮಗುವನ್ನು ತಂದು ರಾಣಿಯ ಮಡಿಲಲ್ಲಿ ಹಾಕಿದಳು. ಮಗು ಕೈ ಚಾಚಿ ಸೆರಗು ಎಳೆಯಿತು. ಆ ದದ್ದಿನ ಮುಖವನ್ನು ಕಣ್ಣರಳಿಸಿ ನೋಡಿತು. ಮೂಗು ಹಿಡಿದುಕೊಂಡು ನಕ್ಕಿತು. ಆಮೇಲೆ ಗಟಗಟ ಹಾಲು ಕುಡಿಯಿತು. ರಾಣಿ ಅತ್ತಳು, ಈ ಸಲ ಕಣ್ಣೀರು ಕೆನ್ನೆಯ ಮೇಲೇ ಇಳಿಯಿತು.

ಕೋಟೆಯಿಂದ ಮರಳಿದ ಕೇತಲೆ ಬಂದು ಅಮ್ಮನ ಪಕ್ಕ ಕೂತಳು. "ಅಮ್ಮಾ, ಉರಿಯುತ್ತಾ?" ಅಂತ ಕೇಳಿದಳು.

ರಾಣಿ ಮಗಳ ಕೈ ಹಿಡಿದುಕೊಂಡಳು. "ಉರಿಯುತ್ತೆ ಮಗಾ. ಮದುವೆಯಾಗಿ ಬಂದಾಗಿನಿಂದ ಉರಿಯುತ್ತೆ," ಅಂದಳು. ಕೇತಲೆ ಸೆರಗು ತಣ್ಣೀರಲ್ಲಿ ಅದ್ದಿ ಅಮ್ಮನ ಕೆನ್ನೆಗೆ ಇಟ್ಟಳು.

ಆಮೇಲಿನ ಹಬ್ಬದಲ್ಲಿ ಕೊಪ್ಪರಿಗೆ ಇಡಲಿಲ್ಲ. ಅಂಗಳದ ತುಂಬ ಸಣ್ಣ ಸಣ್ಣ ಬಟ್ಟಲು ಇಟ್ಟರು, ಮೊದಲು ಎಲ್ಲರಿಗೂ ಒಂದೊಂದು ತುಂಡು ಹಳೇ ಬಟ್ಟೆ ಕೊಟ್ಟರು. ಕನ್ನಡಿಗಳನ್ನು ಗೋಡೆಯಿಂದ ಈಚೆಗೆ ತಿರುಗಿಸಿದರು. ಮುಕುರಗಿರಿಯ ಜನ ಸುಖವಾಗಿದ್ದರು. ಈಗಲೂ ಅಲ್ಲಿ ಮಕ್ಕಳಿಗೆ ಮುಖ ತೊಳೆಸುವ ತಾಯಂದಿರು, ಕೈಯಲ್ಲಿ ಏನೇ ಇದ್ದರೂ ಹಚ್ಚುವ ಮುಂಚೆ ಒಂದು ಮಾತು ಕೇಳುತ್ತಾರಂತೆ: "ಉರಿಯುತ್ತಾ ಮಗಾ?" ಉರಿಯುತ್ತೆ ಅಂದರೆ ಅಲ್ಲಿಗೆ ನಿಲ್ಲಿಸುತ್ತಾರೆ.