ಲೊಚ್ಚವ್ವನ ಪೊರೆ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಹೊಳಲುಗಿರಿ ಎಂಬ ಒಂದು ರಾಜ್ಯವಿತ್ತು. ಅದನ್ನು ನನ್ನಿದೇವನೆಂಬ ಅರಸ ಆಳುತ್ತಿದ್ದ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಜನ ನೆಲ ತಟ್ಟಿ ‘ಕೃಷ್ಣ ಕೃಷ್ಣ, ನಿಜ’ ಎನ್ನುವುದು ಎಲ್ಲ ಊರುಗಳಲ್ಲೂ ಉಂಟು. ಹೊಳಲುಗಿರಿಯಲ್ಲಿ ಅದೇ ಕಾನೂನು. ಹಲ್ಲಿ ಲೊಚಗುಟ್ಟದ ಮಾತನ್ನು ಆಸ್ಥಾನದಲ್ಲಿ ಯಾರೂ ನಂಬುತ್ತಿರಲಿಲ್ಲ.

ಆ ಹಲ್ಲಿಯ ಹೆಸರು ಲೊಚ್ಚವ್ವ. ಮೊಳದುದ್ದದ ಮೈ, ಬೂದುಬೆನ್ನಿನ ತುಂಬ ಕೆಂಪು ಚುಕ್ಕಿ. ಅವಳು ಮೊದಲು ರಾಜಕುಮಾರಿ ಕೇತಲೆ ಸಾಕಿದ ಹಲ್ಲಿ. ರಾಜ್ಯದ ಹಲ್ಲಿಯಾದದ್ದು ಆಮೇಲೆ. ಕೇತಲೆಯ ಅಂಗೈಯಿಂದ ಮಿಡತೆ ತಿಂದು ಬೆಳೆದ ಲೊಚ್ಚವ್ವ ಸುಳ್ಳಿಗೆ ಒಮ್ಮೆಯೂ ದನಿಗೂಡಿಸಿದವಳಲ್ಲ. ಅರಸ ಅವಳಿಗೆ ಸಿಂಹಾಸನದ ಪಕ್ಕದಲ್ಲಿ ನುಣ್ಣಗೆ ಉಜ್ಜಿದ ಚಿನ್ನದ ತೂಗುಮಣೆ ಹಾಕಿಸಿದ್ದ. ಗೋಡೆ, ಕಂಬ, ನೆಲ ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದವು.

ಹೀಗಿರಲು ಧೂಮಾಕ್ಷನೆಂಬ ಜೋಗಿ ಆಸ್ಥಾನಕ್ಕೆ ಬಂದ. ಹುಲಿಚರ್ಮ ಉಟ್ಟಿದ್ದ, ಜಿಂಕೆಚರ್ಮ ಹೊದ್ದಿದ್ದ. ಅರಸನಿಗೆ ಒಂದು ಧೂಪದ ಪಾತ್ರೆ ಕಾಣಿಕೆ ಕೊಟ್ಟ. “ಮಹಾರಾಜ, ಸತ್ಯ ನುಡಿಯುವ ಜೀವವನ್ನು ಬರಿದೆ ಕೂರಿಸಬಹುದೆ? ಪೂಜೆ ಬೇಡವೆ? ಈ ಧೂಪ ಆರುವುದಿಲ್ಲ. ಇವಳ ಕೆಳಗಿಡು,” ಎಂದ.

ಅರಸ ಇಟ್ಟ. ಧೂಪ ಹಗಲಿರುಳು ಹೊಗೆಯಾಡಿತು. ಹೂವುಗಳು ಕೊಯ್ದ ಗಳಿಗೆಗೇ ಬಾಡಿದವು. ಸೇವಕರ ತುಟಿ ಒಡೆಯಿತು. ಭಕ್ತಿಗೆ ಇಷ್ಟಾದರೂ ಕಷ್ಟ ಬೇಡವೇ ಎಂದು ಎಲ್ಲರೂ ತುಟಿಗೆ ಬೆಣ್ಣೆ ಸವರಿಕೊಂಡು ಸುಮ್ಮನಾದರು.

ಒಂದು ಬೆಳಗ್ಗೆ ಲೊಚ್ಚವ್ವ ಬೆಳ್ಳಗಾಗಿದ್ದಳು. ಹಳೆಯ ಪೊರೆ ಬಿಡುವ ಕಾಲ ಬಂದಿತ್ತು. ಪೊರೆ ಮಾತ್ರ ಬಿಡಲಿಲ್ಲ. ಒಣಗಿದ ಬಾಳೆಪಟ್ಟೆಯ ಹಾಗೆ ಮೈಗೆ ಬಿಗಿದುಕೊಂಡಿತು. ಕಣ್ಣಿನ ಮೇಲೆ ಮಸುಕು ಕಟ್ಟಿತು. ಬೆರಳುಗಳ ಸುತ್ತ ದಾರ ಬಿಗಿದಂತಾಗಿ ಒಂದು ಬೆರಳು ಕಪ್ಪಾಯಿತು. ಲೊಚ್ಚವ್ವ ಬಾಯಿ ತೆರೆದಳು, ದನಿ ಬರಲಿಲ್ಲ. ಕೇತಲೆ ಮಿಡತೆಯನ್ನು ಮುಂದೆ ಹಿಡಿದರೂ ಅದು ಎಲ್ಲಿದೆ ಎಂದೇ ಲೊಚ್ಚವ್ವನಿಗೆ ಕಾಣಲಿಲ್ಲ.

“ಇದಕ್ಕೆ ಒಂದೇ ದಾರಿ,” ಎಂದ ಧೂಮಾಕ್ಷ. “ಹುಣ್ಣಿಮೆಯ ಚಂದ್ರ ಹುಟ್ಟಿದಾಗ ಪೊರೆಯನ್ನು ಮೂಗಿನಿಂದ ಬಾಲದವರೆಗೆ ನಾನು ಒಂದೇ ಎಳೆತಕ್ಕೆ ಸುಲಿಯುತ್ತೇನೆ. ಪೊರೆ ನನಗಿರಲಿ. ಬೇರೇನೂ ಬೇಡ.”

“ಸುಲಿದರೆ ಅವಳು ಬದುಕುತ್ತಾಳೆಯೆ?” ಎಂದು ಕೇತಲೆ ಕೇಳಿದಳು.

“ಹಲ್ಲಿಗಳಿಗೇನು ಬರ, ತಾಯಿ? ಇನ್ನೊಂದು ತಂದರಾಯಿತು.”

“ಪೊರೆ ನಿಮಗೇಕೆ?”

“ಈ ಹುಡುಗಿ ಬಹಳ ಪ್ರಶ್ನೆ ಕೇಳುತ್ತಾಳೆ, ಮಹಾರಾಜ.”

“ಹುಟ್ಟಿದಾಗಿನಿಂದ ಹಾಗೇ,” ಎಂದು ಅರಸ ನಿಟ್ಟುಸಿರಿಟ್ಟ. ಜೋಗಿಗೆ ಆಗಲೇ ಮಾತು ಕೊಟ್ಟಿದ್ದ.

ಕೇತಲೆಯನ್ನು ಎತ್ತಿ ಆಡಿಸಿದ ದಾದಿ ಕಾಳಕ್ಕ ಅವಳನ್ನು ಕಂಬದ ಮರೆಗೆ ಎಳೆದುಕೊಂಡಳು. “ಕೂಸೇ, ಅವನು ಚರ್ಮಗಳ್ಳ. ಬದುಕಿರುವ ಜೀವದ ಪೊರೆ ಸುಲಿದು ಉಟ್ಟರೆ ಅದರ ಶಕ್ತಿ ಅವನಿಗೆ ಬರುತ್ತದೆ. ಹುಲಿಯಿಂದ ಬಲ ತೆಗೆದುಕೊಂಡ, ಜಿಂಕೆಯಿಂದ ಓಟ ತೆಗೆದುಕೊಂಡ. ಲೊಚ್ಚವ್ವನ ಪೊರೆ ಉಟ್ಟನೋ, ಅವನು ಆಡಿದ್ದೆಲ್ಲ ನಿಜವಾಗಿಬಿಡುತ್ತದೆ.”

“ಪೊರೆ ತಾನಾಗಿ ಬಿಡುವುದು ಹೇಗೆ, ಕಾಳಕ್ಕ?”

“ನನ್ನನ್ನೇನು ಕೇಳುತ್ತೀ? ನಾನು ಹುಟ್ಟಿದ ಚರ್ಮದಲ್ಲೇ ಮುದುಕಿಯಾದವಳು. ಬಿಟ್ಟವರನ್ನು ಕೇಳು.”

ಕೇತಲೆಗೆ ಅದು ಸರಿಯೆನಿಸಿತು. ಬುತ್ತಿ ಕಟ್ಟಿಕೊಂಡು ಹೊರಟಳು.

ಮೊದಲು ಕಲ್ಲುಬೆಟ್ಟಕ್ಕೆ ಹೋದಳು. ಅಲ್ಲಿ ದಾರಿಗೆ ಅಡ್ಡಲಾಗಿ ಒಂದು ಸರ್ಪ ಮಲಗಿತ್ತು. ಅದರ ಹೆಡೆ ಕೋಟೆಬಾಗಿಲಿನಷ್ಟು ಅಗಲ.

“ಯಾರದು?”

“ಕೇತಲೆ. ಪೊರೆ ಬಿಡುವುದು ಹೇಗೆ ಎಂದು ಕೇಳಲು ಬಂದೆ.”

“ನನ್ನ ಮೂಗಿನ ತುದಿ ನವೆಯಾಗುತ್ತಿದೆ. ಅದನ್ನು ನಿಲ್ಲಿಸು, ಹೇಳುತ್ತೇನೆ. ನಿಲ್ಲಿಸದಿದ್ದರೆ ನುಂಗುತ್ತೇನೆ.”

ಕೇತಲೆ ರೇಷ್ಮೆ ಸೆರಗಿನಿಂದ ಉಜ್ಜಿದಳು. ಸರ್ಪ ಬುಸುಗುಟ್ಟಿತು. ಅಂಗೈಯಿಂದ ಉಜ್ಜಿದಳು. ಸರ್ಪ ಬಾಯಿ ತೆರೆಯಿತು. ಆಗ ಅವಳು ಕಾಲ ಬಳಿಯ ಒರಟು ಕಲ್ಲನ್ನೆತ್ತಿ ಮೂಗಿಗೆ ಹಿಡಿದಳು. ಸರ್ಪ ತಾನೇ ಅದಕ್ಕೆ ಮೂಗನ್ನು ಒತ್ತಿ ತಿಕ್ಕಿತು. ತುದಿಯಲ್ಲಿ ಪೊರೆ ಬಿರಿಯಿತು, ಅಂಗಿಯ ತೋಳು ಮಗುಚಿದ ಹಾಗೆ ಹಿಂದಕ್ಕೆ ಸರಿಯಿತು. ಸರ್ಪ ಹೊಸ ಮೈಯಲ್ಲಿ ಮಿರಮಿರನೆ ಹೊರಬಂತು.

“ನುಣುಪಿನ ಮೇಲೆ ಯಾರ ಪೊರೆಯೂ ಬಿಡುವುದಿಲ್ಲ, ಮಗಳೇ. ಮೂಗು ತಗಲಲು ಒಂದು ಒರಟು ಬೇಕು,” ಎಂದಿತು. ಕೇತಲೆ ಆ ಕಲ್ಲನ್ನು ಮಡಿಲಿಗೆ ಹಾಕಿಕೊಂಡಳು.

ಅಲ್ಲಿಂದ ಹಿರೇಕೆರೆಗೆ ಹೋದಳು. ಅಲ್ಲಿ ಗಾಡಿಚಕ್ರದಷ್ಟು ದೊಡ್ಡ ಏಡಿಯೊಂದು ದಡದ ಬಿಸಿಲಲ್ಲಿ ಸಿಕ್ಕಿಕೊಂಡಿತ್ತು. ಅರ್ಧ ಮೈ ಹಳೆಯ ಚಿಪ್ಪಿನಲ್ಲಿ, ಅರ್ಧ ಹೊರಗೆ.

“ಏನು ನೋಡುತ್ತೀಯೆ? ಅರ್ಧ ಬಟ್ಟೆ ಬಿಚ್ಚಿದವರನ್ನು ನೋಡಬಾರದೆಂದು ಮನೆಯಲ್ಲಿ ಹೇಳಿಲ್ಲವೆ?” ಎಂದು ಏಡಿ ಗದರಿತು.

“ತಪ್ಪಾಯಿತು, ಅಜ್ಜ. ಪೊರೆ ಬಿಡುವುದು ಹೇಗೆ?”

“ಬಿಟ್ಟಿದ್ದರೆ ಹೀಗೆ ಕೂರುತ್ತಿದ್ದೆನೆ? ಈ ಕಡೆ ಬಿಸಿಲು ಹುರಿಯುತ್ತಿದೆ. ಕೆರೆಗೆ ತಳ್ಳಿದರೆ ಈ ಸ್ಥಿತಿಯಲ್ಲಿ ಮುಳುಗಿ ಸಾಯುತ್ತೇನೆ. ನೀರೂ ಬೇಕು, ಮುಳುಗಲೂಬಾರದು. ತಲೆ ಓಡಿಸು. ಇಲ್ಲವಾದರೆ ಈ ಕೊಂಡಿ ನಿನ್ನ ಜಡೆಗೆ.”

ಕೇತಲೆ ಸೆರಗನ್ನು ಕೆರೆಯಲ್ಲಿ ಅದ್ದಿದಳು. ನೀರು ತಣ್ಣಗೆ ಕೊರೆಯಿತು. ಬಿಸಿಲುಗಲ್ಲಿನ ಮೇಲೆ ಅದನ್ನು ಹರವಿ, ಎಳೆಬಿಸಿಯಾದ ಮೇಲೆ ಏಡಿಗೆ ಹೊದಿಸಿದಳು. ಒಣಗಿದಾಗ ಮತ್ತೆ ಅದ್ದಿದಳು, ಮತ್ತೆ ಹೊದಿಸಿದಳು. ಸಂಜೆಯ ಹೊತ್ತಿಗೆ ಸೆರಗಿನಡಿಯಲ್ಲಿ ಟಪ್ಪೆಂದು ಸದ್ದಾಯಿತು.

“ಆಹಾ!” ಎಂದಿತು ಏಡಿ, ಮೆತ್ತನೆ ಮೈಯಲ್ಲಿ ಹೊರಬಂದು. “ಒದ್ದೆ ಬೇಕು, ಒದ್ದೆಗೆ ಎಳೆಬಿಸಿ ಬೇಕು. ಹೋಗು. ಈಗಲಾದರೂ ಆ ಕಡೆ ತಿರುಗಿಕೊಂಡು ಹೋಗು.”

ಮೂರನೆಯದಾಗಿ ಅವಳು ನೇರಳೆಕಾಡಿಗೆ ಹೋದಳು. ಮುಂಜಾವಿನ ಬೆಳಕಿನಲ್ಲಿ ಒಂದು ಮರದ ಬುಡದಲ್ಲಿ ಮಗುವಿನಷ್ಟು ದೊಡ್ಡ ಜೀರುಂಡೆ ಕಂಡಿತು. ಅದರ ಬೆನ್ನು ಸೀಳಿತ್ತು. ಸೀಳಿನಿಂದ ಅದು ನರಳುತ್ತ ಹೊರಬರುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಜೀರುಂಡೆ ಕುಳಿತಿತ್ತು. ಅದರ ರೆಕ್ಕೆಗಳು ಮುದುರಿದ ಎಲೆಗಳಂತಿದ್ದವು.

“ಪೊರೆ ಬಿಡುವುದು ಹೇಗೆ?” ಎಂದು ಕೇತಲೆ ಕೇಳಿದಳು.

“ಅವನು ಹೊರಬರುವವರೆಗೆ ಇಲ್ಲಿ ಕೂರು,” ಎಂದಿತು ರೆಕ್ಕೆ ಮುದುರಿದ ಜೀರುಂಡೆ. “ಮುಟ್ಟಬೇಡ.”

ಇದೇನು ಕಷ್ಟ ಎಂದುಕೊಂಡು ಕೇತಲೆ ಕುಳಿತಳು. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಸಿಕ್ಕಿಕೊಂಡಿದ್ದ ಜೀರುಂಡೆ ಒದ್ದಾಡಿತು, ನಿಂತಿತು, ಮತ್ತೆ ಒದ್ದಾಡಿತು. ಒಂದು ಕಾಲನ್ನು ಸ್ವಲ್ಪವೇ ಎಳೆದರೆ ಸಾಕಿತ್ತು. ಕೇತಲೆಯ ಕೈ ಎರಡು ಸಲ ಮುಂದೆ ಹೋಯಿತು. ಕೊನೆಗೆ ಅವಳು ಕೈಗಳ ಮೇಲೆಯೇ ಕುಳಿತುಬಿಟ್ಟಳು.

“ನಿನಗೆ ಏನಾಯಿತು?” ಎಂದು ಪಕ್ಕದ ಜೀರುಂಡೆಯನ್ನು ಮೆಲ್ಲಗೆ ಕೇಳಿದಳು.

“ನನಗೊಬ್ಬರು ಸಹಾಯ ಮಾಡಿದರು,” ಎಂದಿತು ಅದು.

ಬಿಸಿಲೇರಿದಾಗ ಸಿಕ್ಕಿಕೊಂಡಿದ್ದ ಜೀರುಂಡೆ ಹೊರಬಂತು. ತೇವದ ರೆಕ್ಕೆಗಳು ನಿಧಾನವಾಗಿ ಅರಳಿ, ಗಾಜಿನಂತಾದವು, ಅದು ಹಾರಿತು. ಕೇತಲೆ ಯಾರ ಉತ್ತರಕ್ಕೂ ಕಾಯದೆ ಅರಮನೆಯ ಕಡೆಗೆ ಓಡಿದಳು. ಅಂದೇ ಹುಣ್ಣಿಮೆ.

ಆಸ್ಥಾನ ತುಂಬಿತ್ತು. ಧೂಮಾಕ್ಷ ತೂಗುಮಣೆಯ ಪಕ್ಕದಲ್ಲಿ ನಿಂತಿದ್ದ. ಅವನ ಉಗುರು ಲೊಚ್ಚವ್ವನ ಮೂಗಿನ ಮೇಲಿತ್ತು.

“ಅಪ್ಪಾಜಿ, ಚಂದ್ರ ಇನ್ನೂ ಹುಟ್ಟಿಲ್ಲ!” ಎಂದು ಕೇತಲೆ ಕೂಗಿದಳು. “ಅಲ್ಲಿಯವರೆಗೆ ಅವಳು ನನ್ನವಳು.”

ಅರಸ ಕಿಟಕಿಯತ್ತ ನೋಡಿದ. “ಅದೂ ಸರಿಯೇ. ಜೋಗಿಗಳೇ, ಸ್ವಲ್ಪ ಕೂತುಕೊಳ್ಳಿ.”

ಕೇತಲೆ ಮೊದಲು ಧೂಪದ ಪಾತ್ರೆಗೆ ಕೊಡ ನೀರು ಸುರಿದಳು. ಆರದ ಧೂಪ ಚುಯ್ ಎಂದು ಆರಿತು. ಪುರೋಹಿತರು ಕಿವಿ ಮುಚ್ಚಿಕೊಂಡರು. ಆಮೇಲೆ ಅವಳು ಲೊಚ್ಚವ್ವನನ್ನು ತೂಗುಮಣೆಯಿಂದ ಇಳಿಸಿ ಒಂದು ಮಣ್ಣಿನ ಮಡಕೆಯೊಳಗೆ ಬಿಟ್ಟಳು. ಮಡಕೆಯಲ್ಲಿ ಬೆಟ್ಟದ ಕಲ್ಲು ಇಟ್ಟಳು. ಎಳೆಬಿಸಿ ನೀರಲ್ಲಿ ಹಿಂಡಿದ ಬಟ್ಟೆ ಹಾಸಿದಳು. ಬಾಯಿಗೆ ಅರ್ಧ ಮುಚ್ಚಳ ಇಟ್ಟು ಪಕ್ಕದಲ್ಲಿ ಕುಳಿತಳು.

“ಎಳೆಯುವುದಿಲ್ಲವೆ?” ಎಂದ ಅರಸ.

“ಇಲ್ಲ.”

“ಮಂತ್ರ?”

“ಇಲ್ಲ, ಅಪ್ಪಾಜಿ.”

“ಮತ್ತೆ ಏನು ಮಾಡುತ್ತಿದ್ದೀ?”

“ಕೂತಿದ್ದೇನೆ.”

ಧೂಮಾಕ್ಷ ಗಹಗಹಿಸಿ ನಕ್ಕ. ಮಡಕೆಯೊಳಗೆ ಸದ್ದಿಲ್ಲ. ಬಿಸಿಲು ಕೆಂಪಾಯಿತು. ಕೇತಲೆಗೆ ಕಪ್ಪಾದ ಬೆರಳು ನೆನಪಾಯಿತು, ಕೈ ಮತ್ತೆ ಮುಂದೆ ಹೋಯಿತು. ಅವಳು ಮತ್ತೆ ಕೈಗಳ ಮೇಲೆ ಕುಳಿತಳು.

ಆಗ ಒಳಗೆ ಪರಪರ ಎಂದಿತು. ಕಲ್ಲಿಗೆ ಏನೋ ತಿಕ್ಕುವ ಸದ್ದು. ಕೇತಲೆ ಇಣುಕಿದಳು. ಲೊಚ್ಚವ್ವನ ಮೂಗಿನ ಬಳಿ ಪೊರೆ ಬಿರಿದಿತ್ತು. ಕಣ್ಣಿನ ಮಸುಕು ಸುರುಳಿಯಾಗಿ ಬಿತ್ತು. ಬೆರಳುಗಳಿಂದ ಒಂದೊಂದೇ ಸಣ್ಣ ಗವಸು ಕಳಚಿತು. ಕಪ್ಪಾದ ಬೆರಳು ಉಳಿಯಲಿಲ್ಲ, ಮಿಕ್ಕವೆಲ್ಲ ಉಳಿದವು.

ಬೆಟ್ಟದ ಹಿಂದೆ ಚಂದ್ರ ಮೂಡಿದ. ಧೂಮಾಕ್ಷ ಮಡಕೆಗೆ ಹಾರಿದ. “ಪೊರೆ ನನ್ನದು! ಅರಸ ಮಾತು ಕೊಟ್ಟಿದ್ದಾನೆ!”

“ಕೊಟ್ಟಿದ್ದೇನೆ,” ಎಂದ ಅರಸ ತಲೆ ತಗ್ಗಿಸಿ.

ಧೂಮಾಕ್ಷ ಮುಚ್ಚಳ ತೆಗೆದ. ಲೊಚ್ಚವ್ವ ಅವನನ್ನೇ ನೋಡುತ್ತ, ಪೊರೆಯ ಕೊನೆಯ ತುಂಡನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಹಲ್ಲಿ ಬಿಟ್ಟ ಪೊರೆಯನ್ನು ಹಲ್ಲಿಯೇ ತಿನ್ನುತ್ತದೆ. ಚರ್ಮಗಳನ್ನು ಕದ್ದೇ ಬದುಕಿದ ಧೂಮಾಕ್ಷನಿಗೆ ಅದು ಗೊತ್ತಿರಲಿಲ್ಲ. ಪೊರೆ ತಾನಾಗಿ ಬಿಡುವವರೆಗೆ ಅವನು ಎಂದೂ ಕಾದವನಲ್ಲ.

“ಮೋಸ! ಈ ಪೊರೆ ನನ್ನದು, ಹುಲಿಚರ್ಮ ನನ್ನದು, ಜಿಂಕೆಚರ್ಮ ನನ್ನದು!” ಎಂದು ಅವನು ಅರಚಿದ.

ಆಸ್ಥಾನವೆಲ್ಲ ಲೊಚ್ಚವ್ವನತ್ತ ತಿರುಗಿತು. ಲೊಚ್ಚವ್ವ ನಾಲಿಗೆ ಚಾಚಿ ತನ್ನ ಕಣ್ಣನ್ನು ತಾನೇ ನೆಕ್ಕಿಕೊಂಡಳು. ಲೊಚಗುಟ್ಟಲಿಲ್ಲ.

ಆ ಮೌನಕ್ಕೆ ಹುಲಿಚರ್ಮ ಬಿಚ್ಚಿಕೊಂಡು ಗರ್ಜಿಸುತ್ತ ಕಾಡಿಗೆ ಓಡಿತು. ಜಿಂಕೆಚರ್ಮ ಕಿಟಕಿಯಿಂದ ಜಿಗಿಯಿತು. ಅವುಗಳ ಕೆಳಗಿದ್ದ ಕರಡಿ, ನರಿ, ಮುಂಗುಸಿ ಚರ್ಮಗಳೂ ಒಂದರ ಹಿಂದೊಂದು ಹೊರಟುಹೋದವು. ಕೊನೆಗೆ ಉಳಿದದ್ದು ಒಬ್ಬ ಬಡಕಲು ಮುದುಕ. ಗಡಗಡ ನಡುಗುತ್ತಿದ್ದ.

ಕೇತಲೆ ಅವನ ಹತ್ತಿರ ಹೋಗಿ ಕುತೂಹಲದಿಂದ ನೋಡಿದಳು. “ಇದು ನಿಮ್ಮದೇ ಚರ್ಮವೆ?”

ಅವನು ತನ್ನ ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. “ಇರಬೇಕು,” ಎಂದ. “ಬಹಳ ಚಳಿ ತಾಯಿ.”

ಲೊಚ್ಚವ್ವ ಗಂಟಲು ಉಬ್ಬಿಸಿ, ಲೊಚ ಲೊಚ ಲೊಚ ಎಂದಳು. ಇಡೀ ಆಸ್ಥಾನ ನೆಲ ತಟ್ಟಿತು. ಕಾಳಕ್ಕ ಗೊಣಗುತ್ತಲೇ ಹೋಗಿ ಒಂದು ಕಂಬಳಿ ತಂದು ಅವನಿಗೆ ಹೊದಿಸಿದಳು.

ಆಮೇಲೆ ಹೊಳಲುಗಿರಿಯಲ್ಲಿ ಅರಸ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು, ಕಂಬಳಿಯ ಮುದುಕನೂ ಒಂದು ಮಟ್ಟಿಗೆ ಸುಖವಾಗಿದ್ದ. ಲೊಚ್ಚವ್ವ ಬಚ್ಚಲುಮನೆಯ ಒದ್ದೆ ಒರಟು ಕಲ್ಲುಗೋಡೆಯಲ್ಲಿ ವಾಸಮಾಡಿದಳು. ಆದ್ದರಿಂದ ಮುಖ್ಯವಾದ ತೀರ್ಪುಗಳಿರುವ ದಿನ ಅರಸನೂ ಮಂತ್ರಿಗಳೂ ಪಂಚೆ ಎತ್ತಿಕಟ್ಟಿ ಬಚ್ಚಲಲ್ಲೇ ಸಭೆ ಸೇರುತ್ತಿದ್ದರು.