ಸಾಂಬ್ರಾದಿಂದ ಈಚಿನ ಹಾದಿ

ಹೈದರಾಬಾದಿನಿಂದ ಬೆಳಗಾವಿಗೆ ವಿಮಾನದಲ್ಲಿ ನಾಲ್ಕುನೂರು ಚಿಲ್ಲರೆ ಕಿಲೋಮೀಟರು, ಒಂದೂಕಾಲು ತಾಸು. ಶ್ರೇಯಸ ಫೋನಿನಲ್ಲಿ ನೋಡಿಕೊಂಡಿದ್ದು ಇಷ್ಟೇ.

"ಹೊತ್ತು ಮುಳುಗೂದ್ರಾಗ ನಿಮ್ಮ ಮನ್ಯಾಗ ಇರತೇನ್ರಿ. ಊಟಾ ಅಲ್ಲೇ, ನಿಮ್ಮ ಉತ್ತರಾನೂ ಅಲ್ಲೇ," ಎಂದು ಶರ್ವರಿಗೆ ಹೇಳಿದ್ದ.

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಬೆಳಗಾವಿ ಪೇಟೆಯ ಗದ್ದಲ ದಾಟಿ ಅವಳ ಊರು ಖಾನಾಪುರಕ್ಕೆ ಬರಬೇಕು. ಬೆಳಗಾವಿ ಪಕ್ಕದ ಕಾಕತಿಯಲ್ಲೇ ಹುಟ್ಟಿ ಬೆಳೆದವನಿಗೆ ಅದು ನೆನಪಾಗಿರಲಿಲ್ಲ.

ಮದುವೆಯಾಗುತ್ತೀರಾ ಎಂದು ಅವನು ಕೇಳಿ ತಿಂಗಳಾಗಿತ್ತು. ಶರ್ವರಿ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಗಂಡ ಆದಿನಾಥ ತೀರಿಕೊಂಡ ಮೇಲೆ ಅವಳಿಗೆ ಯಾವುದೂ ಬೇಕು ಅನಿಸುತ್ತಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದಳು, ಪಾಠ ಮಾಡುತ್ತಿದ್ದಳು. ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ಅತ್ತೆಯ ಜೊತೆ ಕೂತು ಉಣ್ಣುತ್ತಿದ್ದಳು. ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

ಅಂದು ರೊಟ್ಟಿ, ಹೆಸರುಕಾಳಿನ ಪಲ್ಯ ಮಾಡಿಟ್ಟಳು. ಅತ್ತೆ ಅಕ್ಕಾತಾಯಿ ಉಂಡು ಕೈ ತೊಳೆದರು.

"ನೀನೂ ಉಣ್ಣವಾ, ಹೊತ್ತು ಮುಳುಗಾಕತ್ತೈತಿ."

"ಹಸಿವಿಲ್ರಿ ಅತ್ತಿ."

ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಹೆಂಚಿಗೆ ಏರಿತು. ಆಮೇಲೆ ಹೆಂಚಿನ ಮೇಲೂ ಇರಲಿಲ್ಲ. ಶರ್ವರಿ ಪಾತ್ರೆಗಳನ್ನು ಮುಚ್ಚಿಟ್ಟಳು.

ಅವನ ಬಾಡಿಗೆ ಕಾರು ಬಂದಾಗ ಮನೆಮನೆಗೂ ದೀಪ ಹತ್ತಿತ್ತು. ಬಾಗಿಲಲ್ಲಿ ನಿಂತ, ಅಂಗಿಯೆಲ್ಲ ಮುದುಡಿತ್ತು.

"ಒಂದೂಕಾಲು ತಾಸು ಅಂತ ಇತ್ರಿ..."

"ಅದು ಸಾಂಬ್ರಾಕ್ಕ. ವಿಮಾನ ನಮ್ಮ ಅಂಗಳದಾಗ ಇಳೀತೈತಿ ಅನ್ಕೊಂಡಿದ್ರೇನ?"

ಅವನು ನಕ್ಕ. ಅವಳ ತುಟಿಯಂಚು ಅಲುಗಿದ್ದನ್ನು ಕಂಡು ಮತ್ತೆ ಮುಖ ನೋಡಿದ. ಅವಳು ನೀರಿನ ಲೋಟ ಮುಂದೆ ಮಾಡಿದಳು.

"ನೀವಾದ್ರೂ ಉಂಡೀರಿಲ್ಲೋ?"

ಒಳಗಿನಿಂದ ಅಕ್ಕಾತಾಯಿ ಹೇಳಿದರು:

"ಎಲ್ಲಿ ಉಂಡಾಳ! ನನ್ನ ಮಗಾ ತಡಾ ಮಾಡಿದ್ರ ಇಕಿ ಉಂಡು, ಕೈ ತೊಳಕೊಂಡು, ಅವಗ ಬೈಕೋತ ಕುಂದರತಿದ್ಳು. ನಿನ್ನ ಸಲುವಾಗಿ ಉಪಾಸ ಕುಂತಾಳ. ಇನ್ನ ಇಕಿ ಬಾಯಿಲೇ ಏನ್ ಕೇಳ್ತೀಯೋ ತಮ್ಮಾ?"

ಶರ್ವರಿ ಬೆಚ್ಚಿದಳು. ಅತ್ತೆ ಹೇಳುವವರೆಗೆ ಅದು ಅವಳಿಗೂ ಗೊತ್ತಿರಲಿಲ್ಲ. ಅತ್ತೆಯ ದನಿಯಲ್ಲಿ ಸಿಟ್ಟು ಹುಡುಕಿದಳು, ಸಿಗಲಿಲ್ಲ.

"ಖರೇನ್ರಿ?" ಅವನ ದನಿ ಸಣ್ಣದಾಗಿತ್ತು.

"ನಾಳೆ ನಿಮ್ಮ ವಿಮಾನ ಎಷ್ಟೊತ್ತಿಗೆ?"

"ಮುಂಜಾನೆರಿ. ನೀವು ಒಲ್ಲೆ ಅಂದ್ರ ಹೋಗಾಕಂತ ಟಿಕೆಟ್ ಮಾಡಿಸೇನಿ."

"ಕ್ಯಾನ್ಸಲ್ ಮಾಡ್ರಿ."

ಅವನು ಫೋನ್ ತೆಗೆದ. ಎಲ್ಲೆಲ್ಲೋ ಒತ್ತಿದ, ಏನೇನೋ ತೆರೆದುಕೊಂಡಿತು.

"ತರ್ರಿ ಇಲ್ಲಿ," ಎಂದು ಶರ್ವರಿ ಫೋನ್ ಇಸಿದುಕೊಂಡು, ತಾನೇ ಕ್ಯಾನ್ಸಲ್ ಒತ್ತಿದಳು.